ಸಹಿ ಅಪ್ಪನದೇ ಅಂತ ಕೋರ್ಟಿಗೆ ಹೇಗೆ ಗೊತ್ತಾಗಬೇಕು?

ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ತಮ್ಮ ಪಾಲು ಕೇಳಿದ. ಅಣ್ಣ ಬೀರುವಿನಿಂದ ಒಂದು ಉಯಿಲು ತೆಗೆದು ಮುಂದಿಟ್ಟ. ಅಪ್ಪ ದುಡಿದು ಕೊಂಡಿದ್ದ ತೋಟ ಪೂರ್ತಿ ಅಣ್ಣನ ಹೆಸರಿಗೆ. ತಮ್ಮ ಕಾಗದ ನೋಡಿ, 'ಇದು ಅಪ್ಪನ ಸಹಿ ಅಲ್ಲವೇ ಅಲ್ಲ' ಅಂದ. ಅಲ್ಲಿಗೆ ದಾವೆ ಶುರು.

ಈ ಅಣ್ಣತಮ್ಮಂದಿರು ನಾನು ಉದಾಹರಣೆಗೆ ಅಂತ ಕಟ್ಟಿಕೊಂಡವರು. ಆದರೆ ಯಾವ ತಾಲೂಕು ಕೋರ್ಟಿನ ಹೊರಗೆ ಅರ್ಧ ಗಂಟೆ ನಿಂತರೂ ಇಂಥವರು ಸಿಗುತ್ತಾರೆ. ಅವರ ಬಾಯಲ್ಲಿ ಎರಡು ಮಾತು ಮಾತ್ರ ಗ್ಯಾರಂಟಿ. ಒಂದು, 'ನಮ್ಮ ಹತ್ರ ಪೇಪರ್ ಇದೆ ಸಾರ್'. ಇನ್ನೊಂದು, 'ಎಕ್ಸ್‌ಪರ್ಟ್ ಹತ್ರ ಕಳಿಸಿದರೆ ಎಲ್ಲ ಬಯಲಾಗುತ್ತೆ'. ಎರಡೂ ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೆ ಕೇಸು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಹಾಗಾಗಿ ಇದನ್ನು ಬುಡದಿಂದ ಹೇಳುತ್ತೇನೆ.

ಕಾನೂನು ಬದಲಾಗಿದೆ, ಆದರೆ ಹಳೆಯದೂ ನಡೆಯುತ್ತಿದೆ

ಸಾಕ್ಷ್ಯದ ಬಗ್ಗೆ ನಮ್ಮಲ್ಲಿ 1872ರಿಂದ ಇದ್ದ ಕಾಯ್ದೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಗಾಬರಿ ಬೇಡ. ಒಳಗಿನ ಮಾಲು ಬಹುಪಾಲು ಅದೇ. ಕಲಂ ನಂಬರುಗಳು ಮಾತ್ರ ಜಾಗ ಬದಲಾಯಿಸಿವೆ. ತಜ್ಞರ ಅಭಿಪ್ರಾಯದ ಹಳೆಯ 45ನೇ ಕಲಂ ಈಗ 39. ಮೊಬೈಲು, ಕಂಪ್ಯೂಟರ್ ದಾಖಲೆಗಳ ಪ್ರಸಿದ್ಧ 65ಬಿ ಈಗ 63. ಆ ತಾರೀಕಿಗಿಂತ ಮುಂಚೆಯೇ ಹಾಕಿದ್ದ ದಾವೆಗಳು ಹಳೆಯ ಕಾಯ್ದೆಯಲ್ಲೇ ಮುಂದುವರಿಯುತ್ತವೆ ಅಂತ ಹೊಸ ಕಾಯ್ದೆಯೇ ಹೇಳುತ್ತದೆ. ಅದಕ್ಕೇ ಒಂದೇ ಕೋರ್ಟ್ ಹಾಲಿನಲ್ಲಿ ಬೆಳಿಗ್ಗೆ 45 ಅನ್ನುವ ವಕೀಲರು ಮಧ್ಯಾಹ್ನ 39 ಅನ್ನುತ್ತಾರೆ. ಎರಡೂ ಸರಿ.

ಕೋರ್ಟಿನಲ್ಲಿ ಯಾವ ಕೆಲಸ ಯಾವಾಗ, ಹೇಗೆ ಆಗಬೇಕು ಅನ್ನುವುದು ಬೇರೆ ಪುಸ್ತಕ. ಅದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಎಲ್ಲರ ಬಾಯಲ್ಲಿ ಸಿ.ಪಿ.ಸಿ. ಅದು ಈಗಲೂ ಜಾರಿಯಲ್ಲಿದೆ.

ಭಾರ ಯಾರ ಹೆಗಲ ಮೇಲೆ?

ಕೊಲೆ ಕೇಸಿನಲ್ಲಿ ಸಮಂಜಸ ಅನುಮಾನಕ್ಕೆ ಜಾಗವೇ ಇಲ್ಲದ ಹಾಗೆ ಸಾಬೀತು ಮಾಡಬೇಕು. ಸಿವಿಲ್ ಕೇಸಿನಲ್ಲಿ ಅಷ್ಟು ಬೇಡ. ತಕ್ಕಡಿ ಇಟ್ಟುಕೊಳ್ಳಿ, ಎರಡೂ ಕಡೆ ಸಾಕ್ಷ್ಯ ಹಾಕಿ, ಯಾವ ತಟ್ಟೆ ಸ್ವಲ್ಪ ಕೆಳಗೆ ಇಳಿಯಿತೋ ಅವರು ಗೆದ್ದರು. ಒಂದು ಹಿಡಿ ಅಕ್ಕಿ ಜಾಸ್ತಿ ಆದರೂ ಸಾಕು.

ಆದರೆ ಮೊದಲು ಅಕ್ಕಿ ಹಾಕಬೇಕಾದವರು ಯಾರು? ಯಾರು ಒಂದು ವಿಷಯ ಇದೆ ಅನ್ನುತ್ತಾರೋ ಅವರು. ಇಲ್ಲಿ ಜನ ತುಂಬಾ ಎಡವುತ್ತಾರೆ. ಅಣ್ಣ ಕೇಳುತ್ತಾನೆ, 'ಸಹಿ ಫೋರ್ಜರಿ ಅಂತ ಹೇಳಿದ್ದು ಅವನು, ಅವನೇ ತೋರಿಸಲಿ ಬಿಡಿ.' ಹಾಗಲ್ಲ. 2008ರಲ್ಲಿ ತಿರುವೆಂಗಡಂ ಪಿಳ್ಳೈ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದ್ದದ್ದು ಒಂದು ಕ್ರಯದ ಕರಾರು, ಅದರ ಮೇಲೆ ಹೆಬ್ಬೆಟ್ಟಿನ ಗುರುತು. ನನ್ನದಲ್ಲ ಅಂತ ಎದುರಿನವರು ಅಂದಾಗ, ಕರಾರು ಇಟ್ಟುಕೊಂಡು ಬಂದವರೇ ಅದನ್ನು ಸಾಬೀತು ಮಾಡಬೇಕು ಅಂತ ಕೋರ್ಟ್ ಹೇಳಿತು. ಉಯಿಲು ತಂದವನು ಅಣ್ಣ. ಭಾರ ಅವನದು.

ಎರಡೂ ಕಡೆಯ ಮಾತು ಕೇಳಿ ಜಡ್ಜ್ ಮೊದಲು ವಿವಾದಾಂಶಗಳನ್ನು ಬರೆಯುತ್ತಾರೆ. ಇವು ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದ ಹಾಗೆ. ಪ್ರಶ್ನೆಯ ಕೊನೆಗೆ ಯಾರು ಉತ್ತರಿಸಬೇಕು ಅಂತಲೂ ಇರುತ್ತದೆ, 'ವಾದಿ ರುಜುವಾತುಪಡಿಸುವರೇ?' ಅಂತ. ಅದಾದ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು. ನಿಮ್ಮ ಕೇಸಿನ ವಿವಾದಾಂಶಗಳ ನಕಲು ನಿಮ್ಮ ಹತ್ತಿರ ಇಲ್ಲದಿದ್ದರೆ ಇವತ್ತೇ ವಕೀಲರನ್ನು ಕೇಳಿ ತೆಗೆದುಕೊಳ್ಳಿ. ಪ್ರಶ್ನೆಯೇ ನೋಡದೆ ಉತ್ತರ ಬರೆಯುವವರು ಕೋರ್ಟಿನಲ್ಲಿ ಕಡಿಮೆ ಏನಿಲ್ಲ.

ನಿಶಾನೆ ಬಿದ್ದ ಮಾತ್ರಕ್ಕೆ ಸಾಬೀತಾಗಲ್ಲ

ಕೋರ್ಟಿಗೆ ಕೊಟ್ಟ ಕಾಗದಕ್ಕೆ ನಂಬರ್ ಬೀಳುತ್ತದೆ. ವಾದಿಯ ಕಾಗದಗಳು ನಿಶಾನೆ ಪಿ.1, ಪಿ.2 ಹೀಗೆ. ಪ್ರತಿವಾದಿಯದು ನಿಶಾನೆ ಡಿ.1, ಡಿ.2. ಸೀಲು ಹೊಡೆದು ನಂಬರ್ ಬರೆದ ತಕ್ಷಣ ಕಕ್ಷಿದಾರರ ಮುಖ ಅರಳುತ್ತದೆ. ಆ ನಂಬರಿಗೆ ಮದುವೆ ಛತ್ರದಲ್ಲಿ ಚಪ್ಪಲಿಗೆ ಕೊಡುವ ಟೋಕನ್‌ನಷ್ಟೇ ಬೆಲೆ. ಟೋಕನ್ ಇದ್ದರೆ ಚಪ್ಪಲಿ ನಿಮ್ಮದು ಅಂತಾಗುವುದಿಲ್ಲ, ಅದು ಒಳಗೆ ಬಂದಿದೆ ಅಂತ ಮಾತ್ರ.

ಕಾಗದ ತಾನೇ ಮಾತಾಡುವುದಿಲ್ಲ. ಅದನ್ನು ಬರೆದವರು, ಸಹಿ ಹಾಕಿದವರು, ಹಾಕಿದ್ದನ್ನು ನೋಡಿದವರು, ಅಥವಾ ಆ ಕೈಬರಹದ ಪರಿಚಯ ಇದ್ದವರು ಬಂದು ಅದರ ಪರವಾಗಿ ಬಾಯಿ ಬಿಡಬೇಕು.

ಜೊತೆಗೆ ಮೂಲ ಪತ್ರವೇ ಬೇಕು. ಒಮ್ಮೆ ಒಬ್ಬರು ಮೂವತ್ತು ಮೈಲಿ ಬಸ್ಸಿನಲ್ಲಿ ಬಂದು ಪ್ಲಾಸ್ಟಿಕ್ ಕವರಿನಿಂದ ಕಾಗದದ ಕಟ್ಟು ತೆಗೆದರು. ಅಷ್ಟೂ ಜೆರಾಕ್ಸ್, ಲ್ಯಾಮಿನೇಷನ್ ಬೇರೆ. ಮೂಲ ಎಲ್ಲಿ ಅಂದರೆ, 'ಸುಮ್ನೆ ಹಾಳಾಗುತ್ತೆ ಅಂತ ಮನೇಲೇ ಇಟ್ಟೆ' ಅಂದರು. ಅವತ್ತಿನ ವಾಯ್ದೆ ಹಾಗೇ ಹೋಯಿತು. ಮೂಲ ಕಳೆದುಹೋಗಿದೆ, ಅಥವಾ ಎದುರಾಳಿ ಹತ್ತಿರವೇ ಇದೆ, ಕೇಳಿದರೂ ಕೊಡುತ್ತಿಲ್ಲ ಅಂತ ಮೊದಲು ತೋರಿಸಿದರೆ ಮಾತ್ರ ನಕಲಿಗೆ ದಾರಿ.

ಛಾಪಾ ಕಾಗದದ ಕೊರತೆ ಇನ್ನೊಂದು ತಲೆನೋವು. ಕರ್ನಾಟಕ ಛಾಪಾ ಕಾಯ್ದೆ 1957ರ 34ನೇ ಕಲಂ ಪ್ರಕಾರ ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ಸಾಕ್ಷ್ಯವಾಗಿ ನೋಡುವ ಹಾಗಿಲ್ಲ. ನೋಡಬೇಕಾದರೆ ಕೊರತೆ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ. 20 ರೂಪಾಯಿ ಪೇಪರಿನಲ್ಲಿ ಬರೆಸಿಕೊಂಡು ಸ್ವಾಧೀನವನ್ನೂ ಕೊಟ್ಟುಬಿಟ್ಟ ಕ್ರಯದ ಕರಾರುಗಳ ಗತಿ ಇಲ್ಲೇ ಹಳ್ಳ ಹಿಡಿಯುವುದು.

ಎದುರಿನವರ ಪತ್ರದ ಬಗ್ಗೆ ತಕರಾರು ಇದ್ದರೆ ನಿಶಾನೆ ಬೀಳುವಾಗಲೇ ಎದ್ದು ಹೇಳಬೇಕು. ಇದು ನಕಲು, ಇದನ್ನು ಈ ರೀತಿ ತರುವ ಹಾಗಿಲ್ಲ ಅನ್ನುವ ಆಕ್ಷೇಪಣೆಯನ್ನು ಆಗ ನುಂಗಿಕೊಂಡು ಮೇಲ್ಮನವಿಯಲ್ಲಿ ಎತ್ತಿದರೆ ತಡವಾಯಿತು ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕಟಕಟೆಯಲ್ಲಿ ನಿಂತಾಗ

ಮುಖ್ಯ ವಿಚಾರಣೆ ಈಗ ಬಾಯಲ್ಲಿ ನಡೆಯುವುದಿಲ್ಲ. ಸಾಕ್ಷಿ ಹೇಳಬೇಕಾದ್ದನ್ನೆಲ್ಲ ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್‌ನಲ್ಲಿ, ಬರೆದು ಕೊಡುತ್ತಾರೆ. 2002ರಿಂದ ಹೀಗೆ. ಸಮಯ ಉಳಿಯಿತು, ಸರಿ. ಆದರೆ ವಕೀಲರ ಭಾಷೆಯಲ್ಲಿ ಬರೆದದ್ದಕ್ಕೆ ಸಾಕ್ಷಿ ಓದದೆ ಸಹಿ ಹಾಕಿ ಬಂದಿರುತ್ತಾರೆ. ಪಾಟಿಸವಾಲಿನಲ್ಲಿ ಎದುರು ವಕೀಲರ ಮೊದಲ ಪ್ರಶ್ನೆಯೇ ಅದು, 'ಈ ಪ್ರಮಾಣಪತ್ರದಲ್ಲಿ ಏನಿದೆ ಗೊತ್ತೇ?'

ಪಾಟಿಸವಾಲಿನ ಭಾಷೆಯೇ ಒಂದು ಮಜಾ. ವಕೀಲರು ಒಂದು ಮಾತು ಸೂಚಿಸುತ್ತಾರೆ, ಸಾಕ್ಷಿ ಹೌದು ಅನ್ನುತ್ತಾರೆ ಇಲ್ಲ ಅನ್ನುತ್ತಾರೆ, ಜಡ್ಜ್ ಅದನ್ನು ಟೈಪಿಸ್ಟಿಗೆ ಹೇಳಿ ಬರೆಸುತ್ತಾರೆ. ಹಾಳೆಯಲ್ಲಿ ಬರುವುದು ಹೀಗೆ: 'ನನ್ನ ತಂದೆ ಕೊನೆಯ ಎರಡು ವರ್ಷ ನನ್ನ ಮನೆಯಲ್ಲಿದ್ದರು ಎಂದರೆ ಸರಿ. ಉಯಿಲನ್ನು ನಾನೇ ಸೃಷ್ಟಿಸಿದ್ದೇನೆ ಎಂದರೆ ಸರಿಯಲ್ಲ.' ಪುಟಗಟ್ಟಲೆ ಸರಿ, ಸರಿಯಲ್ಲ. ಈ ನಡುವೆ ಯಾವುದೋ ಸಣ್ಣ 'ಸರಿ' ಕೇಸಿನ ದಿಕ್ಕು ಬದಲಿಸುತ್ತದೆ. ಮೇಲಿನ ಮೊದಲ 'ಸರಿ'ಯನ್ನೇ ನೋಡಿ. ಅಪ್ಪ ಅಣ್ಣನ ಮನೆಯಲ್ಲಿದ್ದರು, ಅಣ್ಣನ ಮಾತು ನಡೆಯುತ್ತಿತ್ತು ಅಂತ ವಾದ ಕಟ್ಟಲು ತಮ್ಮನ ವಕೀಲರಿಗೆ ಒಂದು ಇಟ್ಟಿಗೆ ಸಿಕ್ಕಿತು.

ಇದಕ್ಕೆ ಹೆದರಿ ಕಟಕಟೆಯನ್ನೇ ಹತ್ತದೆ ಇರುವವರಿದ್ದಾರೆ. ತಮಗೇ ಗೊತ್ತಿರುವ ಸಂಗತಿ ಹೇಳಲು ಬಾರದ ಕಕ್ಷಿದಾರರ ಮಾತು ನಿಜ ಇರಲಿಕ್ಕಿಲ್ಲ ಅಂತ ಕೋರ್ಟ್ ಊಹಿಸಬಹುದು. ಅದು ಇನ್ನೂ ಕೆಟ್ಟದ್ದು.

ಉಯಿಲಿಗೆ ಇನ್ನೊಂದು ಗಂಟು

ಉಯಿಲು ಮಿಕ್ಕ ಪತ್ರಗಳ ಹಾಗಲ್ಲ. ಬರೆದವರು ಬಂದು ಹೇಳುವ ಹಾಗಿಲ್ಲ, ಅವರು ಇಲ್ಲ. ಅದಕ್ಕೇ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕನಿಷ್ಠ ಇಬ್ಬರು ಸಾಕ್ಷಿದಾರರು ಸಹಿ ಹಾಕಿರಬೇಕು ಅನ್ನುತ್ತದೆ. ಅವರಲ್ಲಿ ಒಬ್ಬರಾದರೂ ಬದುಕಿದ್ದರೆ, ಒಬ್ಬರನ್ನಾದರೂ ಕೋರ್ಟಿಗೆ ಕರೆಸಲೇಬೇಕು. ಬಂದವರು 'ನಾನು ಸಹಿ ಹಾಕಿದೆ' ಅಂದರೆ ಸಾಲದು. ಉಯಿಲು ಬರೆದವರು ಸಹಿ ಹಾಕಿದ್ದನ್ನು ನೋಡಿದೆ, ಇಲ್ಲವೇ ಇದು ನನ್ನ ಸಹಿ ಅಂತ ಅವರೇ ನನಗೆ ಹೇಳಿದರು, ಆಮೇಲೆ ಅವರ ಎದುರಿಗೇ ನಾನು ಸಹಿ ಹಾಕಿದೆ. ಇಷ್ಟೂ ಬರಬೇಕು.

ರಿಜಿಸ್ಟರ್ ಆಗಿದೆಯಲ್ಲ ಅಂತ ಕೇಳಬೇಡಿ. ರಿಜಿಸ್ಟರ್ ಆದರೂ ಈ ಕೆಲಸ ತಪ್ಪುವುದಿಲ್ಲ. ಮೂವತ್ತು ವರ್ಷ ಹಳೆಯ ಪತ್ರದ ಸಹಿ ನಿಜ ಅಂತಲೇ ಭಾವಿಸಬಹುದು ಅಂತ ಕಾನೂನು ಕೊಡುವ ರಿಯಾಯಿತಿ ಕೂಡ ಉಯಿಲಿಗೆ ಸಿಗುವುದಿಲ್ಲ.

ಈ ವಿಷಯದಲ್ಲಿ ದೇಶವೆಲ್ಲ ಉದಾಹರಿಸುವ ತೀರ್ಪು ನಮ್ಮ ಮೈಸೂರು ಹೈಕೋರ್ಟಿನಿಂದಲೇ ಹೋದ ಕೇಸಿನದು. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ನಡುವಿನದು, ಸುಪ್ರೀಂ ಕೋರ್ಟ್ ತೀರ್ಪು 1958ರದು. ಉಯಿಲು ಬರೆಸುವಾಗ ಮುಂದೆ ನಿಂತವರಿಗೇ ಅದರಿಂದ ದೊಡ್ಡ ಲಾಭ ಆಗುತ್ತಿದ್ದರೆ ಅದೇ ಒಂದು ಅನುಮಾನದ ಸಂಗತಿ, ಅಂಥ ಅನುಮಾನಗಳನ್ನು ಉಯಿಲು ತಂದವರೇ ಕಳೆಯಬೇಕು ಅಂತ ಅದು ಹೇಳಿತು. ಆ ಕೇಸಿನಲ್ಲಿ ಕಳೆಯಲಾಗಲಿಲ್ಲ, ಉಯಿಲು ನಿಲ್ಲಲಿಲ್ಲ. ಅಂದರೆ ಸಹಿ ನಿಜ ಇದ್ದರೂ ಉಯಿಲು ಬೀಳಬಹುದು. ಎಕ್ಸ್‌ಪರ್ಟ್ ಒಬ್ಬರಿಂದಲೇ ಎಲ್ಲ ತೀರ್ಮಾನ ಆಗುತ್ತೆ ಅನ್ನುವವರು ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು.

ತಜ್ಞ ಸಾಕ್ಷಿ ಅಂದರೆ ಯಾರು?

ಮಾಮೂಲಿ ಸಾಕ್ಷಿ ಕಂಡದ್ದು, ಕೇಳಿದ್ದು ಹೇಳಬೇಕು. 'ನನಗೆ ಹೀಗೆ ಅನಿಸುತ್ತೆ' ಅನ್ನುವ ಹಾಗಿಲ್ಲ. ಮುಖ್ಯವಾಗಿ ತಜ್ಞರಿಗೆ ಅನಿಸಿದ್ದನ್ನು ಹೇಳುವ ಅವಕಾಶ. ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚು ಅಂತ ಹಳೆಯ ಕಾಯ್ದೆಯಲ್ಲಿ ಪಟ್ಟಿ ಇತ್ತು. ಹೊಸದು 'ಇತರ ಯಾವುದೇ ಕ್ಷೇತ್ರ' ಅಂತ ಬಾಗಿಲನ್ನು ಇನ್ನಷ್ಟು ತೆರೆದಿದೆ. ಕಟ್ಟಡ ಬಿರುಕು ಬಿಟ್ಟ ಕೇಸಿನಲ್ಲಿ ಇಂಜಿನಿಯರ್, ಚಿಕಿತ್ಸೆ ತಪ್ಪಾದ ಕೇಸಿನಲ್ಲಿ ಡಾಕ್ಟರ್, ಹೀಗೆ.

ಆದರೆ ತಜ್ಞರು ಜಡ್ಜ್ ಅಲ್ಲ. ಚಿನ್ನ ಒರೆಗೆ ಹಚ್ಚುವ ಅಕ್ಕಸಾಲಿಗನನ್ನು ನೆನೆಯಿರಿ. ಒರೆಗಲ್ಲಿನ ಮೇಲೆ ಗೆರೆ ಎಳೆದು, 'ನೋಡಿ, ಬಣ್ಣ ಹೀಗಿದೆ, ಆದ್ದರಿಂದ ಇದು ಇಷ್ಟು ಕ್ಯಾರೆಟ್' ಅಂದರೆ ನಾವೂ ಬಗ್ಗಿ ನೋಡುತ್ತೇವೆ. 'ನಾನು ನಲವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೇನೆ, ನಂಬಿ' ಅಂತ ಮಾತ್ರ ಅಂದರೆ? ಕೋರ್ಟಿಗೂ ಬೇಕಾದ್ದು ಆ ಗೆರೆ. ತಜ್ಞರ ತೀರ್ಮಾನಕ್ಕಿಂತ ಅದರ ಹಿಂದಿನ ಕಾರಣಗಳೇ ಮುಖ್ಯ. ಕಾರಣ ಇಲ್ಲದ ಎರಡು ಸಾಲಿನ ವರದಿಗೆ ತೂಕ ಇಲ್ಲ, ಅದು ಎಷ್ಟೇ ದೊಡ್ಡ ಲ್ಯಾಬಿನಿಂದ ಬಂದಿರಲಿ.

ಕೈಬರಹದ ತಜ್ಞರ ಬಗ್ಗೆ 1979ರಲ್ಲಿ ಮುರಾರಿಲಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಹದ ಹೇಳಿದೆ. ಬೇರೆ ಸಾಕ್ಷ್ಯದ ಬೆಂಬಲ ಇಲ್ಲದಿದ್ದರೆ ಇವರ ಮಾತು ನಂಬಲೇಬಾರದು ಅನ್ನುವ ನಿಯಮ ಏನಿಲ್ಲ. ಆದರೆ ಕೈಬರಹದ ವಿದ್ಯೆ ಬೆರಳಚ್ಚಿನಷ್ಟು ಕರಾರುವಾಕ್ಕಲ್ಲ, ಹುಷಾರಾಗಿ ನೋಡಬೇಕು.

ಸಹಿ ಪರೀಕ್ಷೆ: ಮೇಜಿನ ಮೇಲೆ ಏನು ನಡೆಯುತ್ತೆ

ತಮ್ಮ ಅರ್ಜಿ ಹಾಕುತ್ತಾನೆ, ಸಹಿಯನ್ನು ತಜ್ಞರಿಗೆ ಕಳಿಸಿ ಅಂತ. ಕೋರ್ಟ್ ಒಪ್ಪಿದರೆ ಮೂಲ ಉಯಿಲು ಸೀಲು ಮಾಡಿದ ಲಕೋಟೆಯಲ್ಲಿ ಹೋಗುತ್ತದೆ. ಬೆಂಗಳೂರಿನ ಮಡಿವಾಳದಲ್ಲಿರುವ ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬಹುದು, ಖಾಸಗಿ ತಜ್ಞರಿಗೂ ಹೋಗಬಹುದು. ಖರ್ಚು ಸಾಮಾನ್ಯವಾಗಿ ಕೇಳಿದವರದು.

ತಜ್ಞರಿಗೆ ಎರಡು ಗುಂಪು ಸಹಿ ಬೇಕು. ಒಂದು ತಕರಾರಿನ ಸಹಿ. ಇನ್ನೊಂದು ಯಾರೂ ಅಲ್ಲಗಳೆಯದ ಸಹಿಗಳು, ಒಪ್ಪಿತ ಸಹಿ ಅನ್ನುತ್ತಾರೆ. ಇಡೀ ಪರೀಕ್ಷೆಯ ಗುಟ್ಟು ಈ ಎರಡನೇ ಗುಂಪಿನಲ್ಲಿದೆ. ನಾವು ಯಾರೂ ಎರಡು ಸಲ ಒಂದೇ ರೀತಿ ಸಹಿ ಹಾಕುವುದಿಲ್ಲ. ಈಗಲೇ ಒಂದು ಹಾಳೆಯಲ್ಲಿ ಹತ್ತು ಸಲ ಹಾಕಿ ನೋಡಿ. ಬಾಲ ಒಂದರಲ್ಲಿ ಉದ್ದ, ಒಂದರಲ್ಲಿ ಗಿಡ್ಡ. ಈ ಸಹಜ ಏರಿಳಿತ ಎಷ್ಟು ಅಂತ ತಿಳಿಯಲು ಒಂದೆರಡು ಮಾದರಿ ಸಾಲದು. ಅದೇ ಕಾಲದ ಹಲವು ಸಹಿ ಬೇಕು. ಉಯಿಲು 2019ರದಾದರೆ 2018, 2019ರ ಬ್ಯಾಂಕ್ ಚೆಕ್ಕು, ಪಿಂಚಣಿ ಫಾರಂ, ಸೊಸೈಟಿ ಸಾಲದ ಪತ್ರ.

ಎರಡು ಸಹಿ ಅಚ್ಚೊತ್ತಿದ ಹಾಗೆ ಒಂದೇ ಇದ್ದರೆ? ಆಗ ತಜ್ಞರಿಗೆ ಖುಷಿ ಆಗುವುದಿಲ್ಲ, ಅನುಮಾನ ಬರುತ್ತದೆ. ಒಂದರ ಮೇಲೆ ಇನ್ನೊಂದಿಟ್ಟು ತಿದ್ದಿರಬಹುದು. ಭೂತಗನ್ನಡಿಯಲ್ಲಿ ಅವರು ಆಕಾರಕ್ಕಿಂತ ಓಟವನ್ನು ನೋಡುತ್ತಾರೆ. ಪೆನ್ನು ಸಲೀಸಾಗಿ ಓಡಿದೆಯೇ, ಎಲ್ಲಿ ಎತ್ತಿದೆ, ಎಲ್ಲಿ ಅನಗತ್ಯವಾಗಿ ನಿಂತಿದೆ, ಒತ್ತು ಎಲ್ಲಿ ಹೆಚ್ಚಿದೆ, ಒಂದು ಅಕ್ಷರದಿಂದ ಮುಂದಿನದಕ್ಕೆ ದಾಟುವ ಕೊಂಡಿ ಹೇಗಿದೆ. ನಕಲು ಮಾಡುವವರು ಆಕಾರ ನೋಡಿಕೊಂಡು ನಿಧಾನ ಬರೆಯುತ್ತಾರೆ. ಗೆರೆ ನಡುಗುತ್ತದೆ. ಮುದಿ ಕೈಯೂ ನಡುಗುತ್ತದೆ. ಈ ಎರಡು ನಡುಕವನ್ನು ಬೇರೆ ಮಾಡುವುದೇ ಕಷ್ಟದ ಕೆಲಸ. ಜೆರಾಕ್ಸಿನಲ್ಲಿ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಮೂಲ ಬೇಕು ಅಂತ ಪಟ್ಟು ಹಿಡಿಯುವುದು.

ಎದುರು ಪಾರ್ಟಿಯ ಸಹಿಯೇ ತಕರಾರಿನಲ್ಲಿದ್ದರೆ ಅವರ ವಕಾಲತ್ತಿನ (ವಕೀಲರನ್ನು ನೇಮಿಸುವ ಪತ್ರದ) ಸಹಿಯನ್ನೇ ಮಾದರಿಯಾಗಿ ಕಳಿಸುವ ರೂಢಿ ಇದೆ. ಇದು ಬಡಪಾಯಿ ಮಾದರಿ. ಜಗಳ ಶುರುವಾದ ಮೇಲೆ ಹಾಕಿದ ಸಹಿಯನ್ನು ಬೇಕಂತಲೇ ಬದಲಿಸಿರಬಹುದು, ಅಲ್ವಾ?

ಜಡ್ಜ್ ತಾವೇ ಎರಡೂ ಸಹಿ ಹೋಲಿಸಿ ನೋಡಬಹುದು, ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಬರಿಗಣ್ಣಿಗೆ ಕಂಡದ್ದನ್ನೇ ನೆಚ್ಚಿ ತೀರ್ಮಾನ ಕೊಡುವುದು ಅಪಾಯ ಅಂತ ಮೇಲಿನ ಕೋರ್ಟುಗಳು ಹೇಳುತ್ತಲೇ ಇವೆ.

ತಜ್ಞರಿಗೆ ಕೇಳುವ ಪ್ರಶ್ನೆ

ವರದಿ ನಿಮ್ಮ ವಿರುದ್ಧ ಬಂತು ಅಂತ ಕೈ ಚೆಲ್ಲಬೇಕಿಲ್ಲ. ತಜ್ಞರನ್ನು ಕರೆಸಿ ಪಾಟಿಸವಾಲು ಮಾಡಬಹುದು. ಅವರ ವಿದ್ಯೆಯಲ್ಲೇ ಅವರನ್ನು ಸೋಲಿಸಲು ಹೋಗುವ ವಕೀಲರು ಹೆಚ್ಚಾಗಿ ತಾವೇ ಸೋಲುತ್ತಾರೆ. ಅವರ ಕೈಗೆ ಏನು ಕೊಟ್ಟಿದ್ದರು ಅಂತ ಕೇಳಿದರೆ ಜಾಸ್ತಿ ಕೆಲಸ ಆಗುತ್ತದೆ. ಹೀಗೆ ಇಟ್ಟುಕೊಳ್ಳಿ:

'ಒಪ್ಪಿತ ಸಹಿಗಳು ಎಷ್ಟು?'
'ಮೂರು.'
'ಯಾವ ವರ್ಷದವು?'
'1996.'
'ಉಯಿಲು?'
'2019.'
'ನಡುವೆ ಅವರಿಗೆ ಪಾರ್ಶ್ವವಾಯು ಆಗಿತ್ತು ಅಂತ ನಿಮಗೆ ಯಾರಾದರೂ ತಿಳಿಸಿದ್ದರೇ?'
'ಇಲ್ಲ.'
'ತಿಳಿಸಿದ್ದರೆ ಆಮೇಲಿನ ಸಹಿಗಳನ್ನು ಕೇಳುತ್ತಿದ್ದಿರಿ?'
'ಹೌದು.'

ಇಲ್ಲಿಗೆ ಕೂತುಬಿಡಬೇಕು. ಇನ್ನೊಂದು ಪ್ರಶ್ನೆ ಕೇಳಿದರೆ ತಜ್ಞರು ವಿವರಣೆ ಕೊಟ್ಟು ಬಿಟ್ಟ ಬಿರುಕಿಗೆ ಸಿಮೆಂಟ್ ಮೆತ್ತುತ್ತಾರೆ.

ನಿಮ್ಮ ಕಡೆ ತಜ್ಞರಾದರೆ ಇದೇ ಪಾಠ ತಿರುವುಮುರುವು. ಅವರಿಗೆ ಎಲ್ಲ ಕೊಡಿ, ನಿಮಗೆ ಇಷ್ಟ ಇಲ್ಲದ ಕಾಗದವನ್ನೂ ಕೊಡಿ. ಮುಚ್ಚಿಟ್ಟದ್ದು ಕಟಕಟೆಯಲ್ಲೇ ಹೊರಬರುವುದು.

ಬೇಲಿ ಜಗಳಕ್ಕೆ ಸರ್ವೇಯರ್

ನಮ್ಮ ಕಡೆ ಇನ್ನೊಂದು ದೊಡ್ಡ ಜಾತಿಯ ಕೇಸು ಒತ್ತುವರಿ. ಪಕ್ಕದವರು ಮೂರು ಗುಂಟೆ ಒಳಗೆ ಬಂದಿದ್ದಾರೆ ಅಂತ. ಗುಂಟೆಗೆ 1,089 ಚದರಡಿ, ಅಂದರೆ ಮೂರಕ್ಕೆ ಸುಮಾರು ಮೂರೂಕಾಲು ಸಾವಿರ ಚದರಡಿ. ಇದನ್ನು ಹತ್ತು ಜನ ಬಂದು ಬಾಯಲ್ಲಿ ಹೇಳಿದರೂ ಗೆರೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಪಹಣಿಯಲ್ಲೂ ಕಾಣುವುದಿಲ್ಲ. ಪಹಣಿಯ ನಮೂದು ತಪ್ಪು ಅಂತ ತೋರಿಸುವವರೆಗೆ ಸರಿ ಅಂತ ಭಾವಿಸುತ್ತಾರೆ, ನಿಜ. ಆದರೆ ಅದು ಹಕ್ಕುಪತ್ರ ಅಲ್ಲ, ಅಳತೆಯ ನಕ್ಷೆಯಂತೂ ಅಲ್ಲ.

ಇಲ್ಲಿ ಸಿ.ಪಿ.ಸಿ.ಯ 26ನೇ ಆದೇಶದ 9ನೇ ನಿಯಮದಲ್ಲಿ ಕೋರ್ಟ್ ಕಮಿಷನರ್ ನೇಮಕ ಆಗುತ್ತದೆ, ಹೆಚ್ಚಾಗಿ ಸರ್ವೇ ಇಲಾಖೆಯವರು ಅಥವಾ ಸರ್ವೇಯರ್ ಜೊತೆ ಒಬ್ಬ ವಕೀಲರು. ಅವರು ಎರಡೂ ಕಡೆಗೆ ನೋಟಿಸ್ ಕೊಟ್ಟು ಜಾಗಕ್ಕೆ ಬರುತ್ತಾರೆ. ಆ ದಿನ ತಪ್ಪಿಸಿಕೊಳ್ಳಬೇಡಿ. ನೋಡಬೇಕಾದ್ದು ಒಂದೇ, ಅಳತೆ ಎಲ್ಲಿಂದ ಶುರು ಮಾಡುತ್ತಾರೆ ಅಂತ. ಮೂಲ ಟಿಪ್ಪಣಿ (ಸರ್ವೇ ಇಲಾಖೆಯ ಹಳೆಯ ಅಳತೆ ದಾಖಲೆ) ಕೈಯಲ್ಲಿಟ್ಟುಕೊಂಡು ಅಲ್ಲಾಡದ ಬಾಂದು ಕಲ್ಲಿನಿಂದ ಹಿಡಿದರೆ ಲೆಕ್ಕ ಸರಿ. ಈಗಿರುವ ಬೇಲಿಯಿಂದಲೇ ಹಿಡಿದರೆ, ಆ ಬೇಲಿಯ ಬಗ್ಗೆಯೇ ತಾನೇ ಜಗಳ? ಯಾವ ಕಲ್ಲು, ಯಾವ ದಾಖಲೆ ಅನ್ನುವುದನ್ನು ನಿಮ್ಮ ವಕೀಲರು ಮುಂಚೆಯೇ ಸೂಚನೆಯ ಮೆಮೊದಲ್ಲಿ ಬರೆದುಕೊಡಬೇಕು. ವರದಿ ಬಂದ ಮೇಲೆ ಆಕ್ಷೇಪಣೆ ಹಾಕಬಹುದು, ಕಮಿಷನರನ್ನು ಕರೆಸಿ ಪ್ರಶ್ನಿಸಬಹುದು, ಸರಿ ಇಲ್ಲದಿದ್ದರೆ ಕೋರ್ಟ್ ಮತ್ತೆ ಅಳೆಸಲೂಬಹುದು.

ಸ್ವಾಧೀನದಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಬರಲು ಕಮಿಷನರ್ ಬೇಕು ಅಂತ ನೀವು ಕೇಳಿದರೆ ಸಾಮಾನ್ಯವಾಗಿ ಅರ್ಜಿ ವಜಾ ಆಗುತ್ತದೆ. ಅದು ನೀವು ಸಾಕ್ಷಿ ಕರೆದು ತೋರಿಸಬೇಕಾದ ವಿಷಯ.

ವಾಟ್ಸಾಪ್ ಸ್ಕ್ರೀನ್‌ಶಾಟ್

ಪ್ರಿಂಟ್ ತೆಗೆದು ಪಿನ್ ಹೊಡೆದು ಕೊಟ್ಟರೆ ಆಗಲ್ಲ. ಮೂಲ ಫೋನನ್ನೇ ಅದರ ಮಾಲೀಕರು ಕೋರ್ಟಿಗೆ ತಂದು ತೋರಿಸಿದರೆ ಒಂದು ರೀತಿ. ನಕಲು ಕೊಟ್ಟರೆ ಅದರ ಬಗ್ಗೆ ಸರ್ಟಿಫಿಕೇಟ್ ಬೇಕೇ ಬೇಕು ಅಂತ 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ಹೊಸ ಕಾಯ್ದೆಯಲ್ಲಿ ಆ ಪತ್ರಕ್ಕೆ ಎರಡು ಭಾಗ. ಮೊದಲನೆಯದು ಫೋನು ಅಥವಾ ಕಂಪ್ಯೂಟರ್ ಯಾರ ಕೈಯಲ್ಲಿತ್ತೋ ಅವರು ತುಂಬುವುದು, ಎರಡನೆಯದು ತಜ್ಞರು ತುಂಬುವುದು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಒಂದು ಫೈಲಿನಿಂದ ಲೆಕ್ಕ ಹಾಕಿ ತೆಗೆದ ಅಂಕಿ ಅಕ್ಷರಗಳ ಸಾಲು. ಅರಗಿನ ಮುದ್ರೆ ಇದ್ದ ಹಾಗೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಸಾಲು ಬೇರೆಯೇ ಬರುತ್ತದೆ, ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ಹಾಗಾಗಿ ಕೇಸು ನಡೆಯುವಾಗ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ.

ಅಣ್ಣ ತಮ್ಮ ಏನಾದರು?

ನಮ್ಮ ಉದಾಹರಣೆಯಲ್ಲಿ ತಜ್ಞರ ವರದಿ 'ಖಚಿತವಾಗಿ ಹೇಳಲಾಗದು' ಅಂತ ಬಂತು ಅಂದುಕೊಳ್ಳಿ. ಇದು ಅಪರೂಪ ಅಲ್ಲ. ಆಗ ಕೇಸು ವಾಪಸ್ ಬಂದು ನಿಲ್ಲುವುದು ಉಯಿಲಿಗೆ ಸಾಕ್ಷಿ ಹಾಕಿದವರ ಮುಂದೆ. ಒಬ್ಬರು ತೀರಿಕೊಂಡಿದ್ದಾರೆ. ಇನ್ನೊಬ್ಬರು ಎಪ್ಪತ್ತೈದು ದಾಟಿದ ಪಕ್ಕದ ಮನೆಯವರು. ಕಟಕಟೆಗೆ ಬಂದು, ಕನ್ನಡಕ ಒರೆಸಿಕೊಂಡು, ಜಗಲಿಯ ಮೇಲೆ ಅಪ್ಪ ಸಹಿ ಹಾಕಿದ್ದು, ಪೆನ್ನು ಬರದೆ ತನ್ನ ಜೇಬಿನ ಪೆನ್ನು ತಾನೇ ಕೊಟ್ಟಿದ್ದು ಹೇಳುತ್ತಾರೆ. ಪಾಟಿಸವಾಲಿನಲ್ಲಿ ತಮ್ಮನ ವಕೀಲರು ಕೇಳುತ್ತಾರೆ, ಆಗ ಅಣ್ಣ ಎಲ್ಲಿದ್ದ? 'ಅಲ್ಲೇ ಇದ್ದ ಸ್ವಾಮಿ, ಏನು ಬರೀಬೇಕು ಅಂತ ಅವನೇ ಹೇಳ್ತಿದ್ದ.' ಜಡ್ಜ್ ಒಂದು ಕ್ಷಣ ಕನ್ನಡಕದ ಮೇಲಿಂದ ನೋಡಿ, ಆ ಮಾತನ್ನು ಹಾಗೇ ಬರೆದುಕೊಳ್ಳಲು ಟೈಪಿಸ್ಟಿಗೆ ಹೇಳುತ್ತಾರೆ.